‘ಇನ್ನೊಂದ್ಸಲ’ ಅಕ್ಕನ ಮೋಟಾರು ಚಕ್ರ

ಬೆಳಗಿನ ಐದೂ ಇಪ್ಪತ್ತು. ಸೈಕಲ್ ಅಂಗಡಿಯ ಅರ್ಧ ಎತ್ತಿದ ಷಟರಿನ ಮುಂದೆ ಬ್ರೆಡ್ ಹಂಚುವವರು ಸ್ಟೂಲಿನ ಮೇಲೆ ಕೂತು ಸೈಕಲ್ಲಿನ ಮುಂದಿನ ಚಕ್ರದ ನಟ್ಟು ಬಿಗಿಯುತ್ತಿದ್ದಾರೆ. ಚಕ್ರದ ನಡುವೆ ತಟ್ಟೆಯಗಲದ ಮೋಟಾರು, ಹ್ಯಾಂಡಲ್ಲಿನ ಚೀಲದಲ್ಲಿ ಬ್ಯಾಟರಿ, ಕ್ಯಾರಿಯರ್ ಮೇಲೆ ನಾಲ್ಕು ಟ್ರೇ ಬ್ರೆಡ್ಡು. ಆರರೊಳಗೆ ಆ ಬ್ರೆಡ್ಡು ದಿಬ್ಬದ ಮೇಲಿನ ಆಸ್ಪತ್ರೆ ಕ್ಯಾಂಟೀನು ಸೇರಬೇಕು. ಮಂಡಿ ಆಪರೇಶನ್ ಆದಮೇಲೆ ಇವರು ಎರಡು ಸಲ ತಡ ಮಾಡಿದ್ದಾರೆ. ಮೂರನೇ ಸಲವಾದರೆ ಆ ಲೈನು ಸ್ಕೂಟರ್ ಇರುವವನಿಗೆ ಎಂದು ಬೇಕರಿ ಮಾಲೀಕ ನಿನ್ನೆ ಹೇಳಿಯಾಗಿದೆ.

‘ಆಯ್ತಕ್ಕ, ಹೊರಟೆ.’

‘ಇನ್ನೊಂದ್ಸಲ.’

‘ಏನ್ ಇನ್ನೊಂದ್ಸಲ? ನಿನ್ನೆ ಸಂಜೆ ಮೂರು ಸಲ ಬಿಚ್ಚಿ ಹಾಕಿ ತೋರಿಸ್ಲಿಲ್ವಾ?’

‘ನಿನ್ನೆ ಸರಿಯಾಗಿ ಹಾಕಿದ್ರಿ. ಇವತ್ತು ಇಲ್ಲ.’

ಚಕ್ರಕ್ಕೆ ಅಡ್ಡ ಕಾಲಿಟ್ಟು ನಿಂತಿರುವ ಮೆಕ್ಯಾನಿಕ್‌ಗೆ ನಲವತ್ತಾರು ವರ್ಷ. ಬೀದಿಯವರೆಲ್ಲ ಇವರನ್ನು ‘ಇನ್ನೊಂದ್ಸಲ ಅಕ್ಕ’ ಎನ್ನುತ್ತಾರೆ. ಫ್ಯಾನ್ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೋಟಾರಿಗೆ ತಂತಿ ಸುತ್ತಿದವರು. ಕಾರ್ಖಾನೆ ಮುಚ್ಚಿತು, ಅಣ್ಣನ ಸೈಕಲ್ ಅಂಗಡಿಗೆ ಬಂದರು. ಮೂರು ವರ್ಷದಲ್ಲಿ ಅರವತ್ಮೂರು ಸೈಕಲ್ಲಿಗೆ ಮೋಟಾರು ಕೂಡಿಸಿದ್ದಾರೆ. ಮುಂಚಕ್ರ ಹಿಡಿಯುವ ಫೋರ್ಕು ತುಕ್ಕು ಹಿಡಿದಿದೆಯೆಂದು ಹನ್ನೆರಡನ್ನು ವಾಪಸು ಕಳಿಸಿದ್ದಾರೆ, ಬೈಸಿಕೊಂಡು.

ಇವರು ಕೂಡಿಸುವ ಮೋಟಾರು ಬಿಚ್ಚಿಡುವಂಥದ್ದು. ಬ್ರೆಡ್ಡಿನವರ ಸೈಕಲ್ಲು ಬೇಕರಿಯದು, ಹಗಲು ಇನ್ನೊಬ್ಬ ಓಡಿಸುತ್ತಾನೆ. ಮೋಟಾರು ಚಕ್ರ ಮಾತ್ರ ಬ್ರೆಡ್ಡಿನವರ ಸ್ವಂತದ್ದು. ದಿನಾ ಹಾಕಬೇಕು, ದಿನಾ ಬಿಚ್ಚಿ ಮನೆಗೊಯ್ಯಬೇಕು. ಅಪಾಯ ಇರುವುದು ಅಲ್ಲೇ. ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುವಾಗ ನಡುವಿನ ಅಚ್ಚು ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಬೆರಳುದ್ದದ ಒಂದು ಉಕ್ಕಿನ ಪಟ್ಟಿ ಅದನ್ನು ಫೋರ್ಕಿಗೆ ಕಚ್ಚಿ ಹಿಡಿಯುತ್ತದೆ. ಪಟ್ಟಿ ಇಲ್ಲದಿದ್ದರೆ ಏರಿನಲ್ಲಿ ಫೋರ್ಕಿನ ಬಾಯಿ ಅಗಲವಾಗಿ ಚಕ್ರ ಕಳಚುತ್ತದೆ. ಅದಕ್ಕೇ ಅಕ್ಕ ಫೋರ್ಕಿನಿಂದ ಪಟ್ಟಿಯವರೆಗೆ ಕೆಂಪು ಉಗುರುಬಣ್ಣದಲ್ಲಿ ಒಂದೇ ಗೆರೆ ಎಳೆದಿರುತ್ತಾರೆ. ಗೆರೆ ಕೂಡಿದರೆ ಹೊರಡಬಹುದು.

ಈಗ ಗೆರೆ ಫೋರ್ಕಿನಲ್ಲೇ ನಿಂತುಬಿಟ್ಟಿದೆ. ಬ್ರೆಡ್ಡಿನವರು ನೋಡುತ್ತಿಲ್ಲ. ಅಕ್ಕ ಹೇಳುತ್ತಿಲ್ಲ.

‘ಐದೂ ಇಪ್ಪತ್ತೇಳು’ ಎನ್ನುತ್ತಾರೆ ಒಳಗೆ ಸ್ಪೋಕ್ ನೆಟ್ಟಗೆ ಮಾಡುತ್ತ ಕೂತ ಅಣ್ಣ. ‘ಹೇಳ್ಬಿಡೇ ಮಾರಾಯ್ತಿ, ಅವರ ಹೊಟ್ಟೆಗೆ ಕಲ್ಲು ಹಾಕ್ಬೇಡ.’

‘ನಾನು ಹೇಳಿದ್ರೆ ನಾಳೆ ಮರೀತಾರೆ. ನಾಳೆ ಹಾಕೋವಾಗ ಪಕ್ಕದಲ್ಲಿ ನಾನಿರಲ್ಲ.’

ಅಣ್ಣನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಅಕ್ಕ ಕೂಡಿಸಿದ ಮೊದಲ ಮೋಟಾರು ಅವರ ಸೈಕಲ್ಲಿನದು. ಎರಡನೇ ವಾರ, ಅದೇ ದಿಬ್ಬದಲ್ಲಿ, ಚಕ್ರ ಒಂದು ಕಡೆ, ಅವರು ಒಂದು ಕಡೆ. ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿದಾಗ ಪಟ್ಟಿ ಜೇಬಿನಿಂದ ಬಿತ್ತು. ಹಿಂದಿನ ದಿನ ಚಕ್ರ ಬಿಚ್ಚುವಾಗ ಕಳೆದುಹೋದೀತೆಂದು ಇಟ್ಟುಕೊಂಡಿದ್ದರು.

‘ತಪ್ಪು ನಿಮ್ಮಣ್ಣಂದೇ ಅಂತ ಎಲ್ರೂ ಅಂದ್ರು’ ಎನ್ನುತ್ತಾರೆ ಅಕ್ಕ. ‘ಕಲಿಸಿಕೊಟ್ಟೋಳು ನಾನಲ್ವಾ? ಬಾಯಲ್ಲಿ ಹೇಳಿದ್ದೆ. ಕೈಯಲ್ಲಿ ಮಾಡಿಸಿರ್ಲಿಲ್ಲ.’

ಐದೂ ಮೂವತ್ತೊಂದು. ಬ್ರೆಡ್ಡಿನವರ ಸಿಟ್ಟು ನೆತ್ತಿಗೇರಿದೆ. ‘ನನ್ನ ಕೆಲಸ ಹೋದ್ರೆ ನೀವು ಕೊಡ್ತೀರಾ? ಕಾಲು ತೆಗೀರಿ!’

ಅಕ್ಕ ಕಾಲು ತೆಗೆಯುವುದಿಲ್ಲ. ಬ್ರೆಡ್ಡಿನವರು ಮುಖದ ಬೆವರೊರೆಸಲು ಬಗ್ಗುತ್ತಾರೆ. ಕಣ್ಣು ಫೋರ್ಕಿನ ಮೇಲೆ ಬೀಳುತ್ತದೆ. ತುಂಡಾದ ಗೆರೆಯನ್ನು ನೋಡುತ್ತಾರೆ. ಕೈ ತಾನಾಗಿ ಅಂಗಿಯ ಜೇಬಿಗೆ ಹೋಗುತ್ತದೆ.

ಪಟ್ಟಿ ಅಲ್ಲೇ ಇದೆ.

ನಟ್ಟು ಸಡಿಲಾಗುತ್ತದೆ, ಪಟ್ಟಿ ಕೂರುತ್ತದೆ, ನಟ್ಟು ಬಿಗಿಯಾಗುತ್ತದೆ, ಗೆರೆ ಕೂಡುತ್ತದೆ. ಐದೂ ಮೂವತ್ತೆಂಟಕ್ಕೆ ಅಕ್ಕ ಕಾಲು ತೆಗೆಯುತ್ತಾರೆ.

ತಲುಪಿದರೆ ಒಂದು ರಿಂಗು, ತೊಂದರೆಯಾದರೆ ಬಿಡದೆ ರಿಂಗು. ಹೊಸಬರ ಜೊತೆ ಮೊದಲ ದಿನದ ಕರಾರು ಇದು. ಫೋನನ್ನು ಬೆಂಚಿನ ಮೇಲಿಟ್ಟು ಅಕ್ಕ ಒಂದೇ ಬೇರಿಂಗನ್ನು ಮತ್ತೆ ಮತ್ತೆ ಒರೆಸುತ್ತಾರೆ. ಐವತ್ತು. ಐವತ್ತೈದು.

ಐದೂ ಐವತ್ತೆಂಟಕ್ಕೆ ಫೋನು ಒಂದು ಸಲ ಹೊಡೆದುಕೊಂಡು ಸುಮ್ಮನಾಗುತ್ತದೆ.

‘ಈಗಲಾದ್ರೂ ಉಸಿರು ಬಿಡು ತಾಯಿ’ ಎನ್ನುತ್ತಾರೆ ಅಣ್ಣ.

ಇನ್ನೇನಾಗಬೇಕು ಎಂದು ಅಣ್ಣ ಕೇಳಿದರೆ ಅಕ್ಕ ಬೇರಿಂಗು ಕೆಳಗಿಡುತ್ತಾರೆ. ‘ನಾಳೆ ಅವರು ಇಲ್ಲಿ ನಿಲ್ಲದೆ ಹೋಗ್ಬೇಕು. ನನ್ನ ಬೈಕೊಂಡೇ ಹೋಗ್ಲಿ. ಜೇಬು ಮುಟ್ಟಿ ನೋಡ್ಕೊಂಡು ಹೋದ್ರೆ ಸಾಕು.’