ಟಗರಿನ ತಲೆಯ ತೂಕ

ಎಲ್ಡನ್ ರಾಸ್ಕ್‌ನಂಥ ಹಟಮಾರಿ ಈ ಮೊಂಟಾನಾದಲ್ಲಿ ಇನ್ನೊಬ್ಬನಿದ್ದರೆ ಅವನೂ ರಾಸ್ಕ್ ಮನೆತನದವನೇ ಆಗಿರಬೇಕು. ಬೇರ್‌ಟೂತ್ ಬೆಟ್ಟದ ಬುಡದ ಹಳ್ಳಿಗಳಿಗೆಲ್ಲ ಪ್ರಾಯವಿಡೀ ಅಂಚೆ ಹಂಚಿದವನು ಅವನು. ಪಾರ್ಸಲನ್ನು ಅಂಗೈಯಲ್ಲಿ ಒಮ್ಮೆ ಕುಲುಕಿದರೆ ಸಾಕು, ತೂಕ ಹೇಳಿಬಿಡುತ್ತಿದ್ದ. ಅಂಚೆ ಕಚೇರಿಯವರು ಹಳೇ ತಕ್ಕಡಿಯನ್ನು ಬಿಸಾಡಲು ಹೊರಟಾಗ ಅದನ್ನು ಹೊತ್ತು ತಂದು ನನ್ನ ಕೋವಿ ಅಂಗಡಿಯ ಮೇಜಿನ ಮೇಲೆ ಕೂರಿಸಿದವನೂ ಅವನೇ. "ಮೇವಿಸ್, ಮನುಷ್ಯರು ಸುಳ್ಳು ಹೇಳ್ತಾರೆ, ಇದು ಹೇಳಲ್ಲ," ಅಂದಿದ್ದ. ನಾನೂ ನಂಬಿದೆ. ಅಂದಿನಿಂದ ನನ್ನ ಅಂಗಡಿಯಲ್ಲಿ ಮೊಳೆ ತೂಗುವುದೂ ಅದರಲ್ಲೇ, ಜಿಂಕೆಯ ತೊಡೆ ತೂಗುವುದೂ ಅದರಲ್ಲೇ.

ಒಂದು ಸೆಪ್ಟೆಂಬರಿನ ಕೊನೆಗೆ ಅವನು ತನ್ನಪ್ಪನ ಕೋವಿಯನ್ನು ತಂದು ಆ ತಕ್ಕಡಿಯ ಮೇಲೆ ದೊಪ್ಪನೆ ಇಟ್ಟ. ಅಕ್ರೋಟ್ ಮರದ ಹಿಡಿ, ದಪ್ಪ ಉಕ್ಕಿನ ನಳಿಗೆ. ಮುಳ್ಳು ಹತ್ತು ಪೌಂಡು ದಾಟಿತು.

"ಇದರ ಅರ್ಧ ತೂಕದ್ದು ಒಂದು ಮಾಡಿಕೊಡು," ಅಂದ.

"ಯಾಕೋ, ಮುದುಕನಾದೆಯಾ?"

"ಮುದುಕನಾಗಿದ್ರೆ ಊರುಗೋಲು ಕೇಳ್ತಿದ್ದೆ. ಕೋವಿ ಕೇಳ್ತಾ ಇದೀನಿ."

ಆಮೇಲೆ ಅಂಗಿಯ ಕಾಲರು ಜಗ್ಗಿ ಬೆನ್ನು ತೋರಿಸಿದ. ಎರಡು ಭುಜಗಳ ನಡುವೆ ಕೊಂಬು ಒತ್ತಿ ನೀಲಿಗಟ್ಟಿದ ಬರೆ. ಅದನ್ನು ನೋಡಿ ನನಗೂ ಮೈ ಉರಿಯಿತು, ಯಾಕೆಂದರೆ ಊರಿಗೆಲ್ಲ ಗೊತ್ತಿದ್ದ ಸುದ್ದಿ ಅಷ್ಟರಲ್ಲಿ ನನ್ನ ಕಿವಿಗೂ ಬಿದ್ದಿತ್ತು.

ನಮ್ಮ ಬೆಟ್ಟದಲ್ಲಿ ಕಾಡುಟಗರಿನ ಬೇಟೆಗೆ ಪರವಾನಗಿ ಯಾರು ಬೇಕಾದರೂ ಪಡೆಯಬಹುದು. ಆದರೆ ಟಗರು ಸಿಗುವುದು ಸಾವಿರಕ್ಕೊಬ್ಬನಿಗೆ. ಬಂಡೆಯ ಮೇಲೆ ಬಂಡೆ ಹತ್ತಿ, ಬೂಟು ಹರಿದು, ಬರಿಗೈಯಲ್ಲಿ ಇಳಿದು ಬರುವವರೇ ಎಲ್ಲ. ಹಾಗಾಗಿ ಸರ್ಕಾರ ಬರೆಯದ ಕಾನೂನು ಎರಡಿವೆ. ಕಂಡವನದೇ ಮೊದಲ ಗುಂಡು, ಇದು ಒಂದು. ಯಾರೇ ಹೊಡೆಯಲಿ, ಜೊತೆಗಿದ್ದವನು ಹೊರೆ ಹೊತ್ತು ಇಳಿಸಲೇಬೇಕು, ಇದು ಇನ್ನೊಂದು. ಇವೆರಡನ್ನು ಮುರಿದವನಿಗೆ ನಮ್ಮೂರಲ್ಲಿ ಯಾರೂ ಕಾಫಿ ಕೊಡುವುದಿಲ್ಲ.

ಆ ವರ್ಷ ಟಗರನ್ನು ಕಂಡವನು ಎಲ್ಡನ್. ಸಂಜೆ ಅದು ಬಂಡೆಯ ಸಂದಿಯಲ್ಲಿ ಮಲಗುವವರೆಗೂ ದುರ್ಬೀನು ಹಿಡಿದು ಕಾದಿದ್ದ. ಜೊತೆಯಲ್ಲಿದ್ದವನು ವರ್ನ್ ಮಾರ್ವೋಲ್ಡ್, ಅವನ ಬಾಲ್ಯದ ಗೆಳೆಯ, ಹುಲ್ಲು ಕೊಯ್ಯುವ ಯಂತ್ರಗಳ ಮೆಕ್ಯಾನಿಕ್ಕು. ಬೆಳಗಿನ ಜಾವ ಇಬ್ಬರೂ ಹತ್ತಿದರು. ಅಪ್ಪನ ಕೋವಿ ಹೊತ್ತ ಎಲ್ಡನ್ ಹಿಂದೆ ಬಿದ್ದ. ಅವನು ಏದುಸಿರು ಬಿಡುತ್ತ ಏರಿ ಮುಗಿಸುವ ಮೊದಲೇ ಮೇಲೆ ಗುಂಡಿನ ಸದ್ದು ಕೇಳಿತು. ಹೋಗಿ ನೋಡಿದರೆ ವರ್ನ್ ಟಗರಿನ ಪಕ್ಕ ಕೂತು ಬಾಟಲಿಯ ನೀರು ಕುಡಿಯುತ್ತಿದ್ದ. "ಆ ಬೇಲಿಗೂಟ ಹೊತ್ಕೊಂಡು ನೀನು ಬರೋ ಹೊತ್ತಿಗೆ ಕ್ರಿಸ್‌ಮಸ್ ಆಗಿರೋದು ಕಣೋ. ಅದು ಎದ್ದು ಹೊರಟಿತ್ತು," ಅಂದ. ಆಮೇಲೆ ಮಾಂಸವನ್ನು ತಾನು ಕಟ್ಟಿಕೊಂಡು ಕೊಂಬಿನ ಸಮೇತ ತಲೆಯನ್ನು ಎಲ್ಡನ್‌ನ ಬೆನ್ನಿಗೆ ಹೇರಿದ. ಎರಡನೆಯ ಕಾನೂನಿಗೆ ತಲೆಬಾಗಿ ಎಲ್ಡನ್ ಅದನ್ನು ಹೊತ್ತ. ತನ್ನ ಟಗರು, ತನ್ನದೇ ಬೆನ್ನು, ಆದರೆ ಹೆಸರು ವರ್ನ್‌ನದು. ಐವತ್ತು ಪೌಂಡು ಭಾರ ಅಂತ ಆವತ್ತಿನಿಂದ ಹೇಳುತ್ತ ಬಂದ. ಆ ತಲೆ ಮುಂದೆ ಊರಿನ ಬಾರಿನ ಗೋಡೆ ಏರಿತು, ವರ್ನ್‌ನ ಹೆಸರು ಕೆತ್ತಿದ ಹಿತ್ತಾಳೆ ಫಲಕದ ಸಮೇತ.

ಒಮ್ಮೆ ಟಗರು ಹೊಡೆದವನು ಏಳು ವರ್ಷ ಮತ್ತೆ ಹೊಡೆಯುವಂತಿಲ್ಲ. ಆ ಏಳು ವರ್ಷದಲ್ಲಿ ಎಲ್ಡನ್ ಸುಖವಾಗಿ ತನ್ನ ಟಗರು ಹುಡುಕಬಹುದಿತ್ತು. ಅವನು ಮಾತ್ರ ಅಲ್ಲಿಯವರೆಗೆ ಪರವಾನಗಿಯನ್ನೇ ಪಡೆಯುವುದಿಲ್ಲ ಅಂದ. ಯಾಕೋ ಅಂತ ಕೇಳಿದೆ.

"ಅವನು ಮನೇಲಿ ಕಾಲು ಚಾಚ್ಕೊಂಡು ಟೀವಿ ನೋಡ್ತಾ ಇರುವಾಗ ನಾನು ಹೊಡೆದ್ರೆ ಏನು ಬಂತು? ಅವನು ಬೆಟ್ಟದ ಮೇಲಿರಬೇಕು. ಅವನು ಕಂಡಿದ್ದನ್ನ ನಾನು ಹೊಡೀಬೇಕು. ತಲೆ ಅವನ ಬೆನ್ನ ಮೇಲೆ ಇಳೀಬೇಕು."

ಕ್ಷಮೆ ದೊಡ್ಡದು ಅಂತ ನಮ್ಮ ಪಾದ್ರಿ ಹೇಳುತ್ತಾರೆ. ಪಾದ್ರಿಯ ಟಗರನ್ನು ಯಾರೂ ಕದ್ದಿಲ್ಲವಲ್ಲ. ಆಗಲಿ ಮಾರಾಯ, ಮಾಡೋಣ ಅಂದೆ.

ಹಗುರದ ಕೋವಿ ಕಟ್ಟುವುದೆಂದರೆ ಒಂದೊಂದು ಭಾಗದ ಜೊತೆಗೂ ಜಗಳ. ತೋಟಾ ಒಳತಳ್ಳುವ ಬೋಲ್ಟು ಓಡಾಡುವ ನಡುಭಾಗಕ್ಕೆ ಉಕ್ಕು ಬೇಡವೆಂದು ಟೈಟೇನಿಯಂ ತರಿಸಿದೆವು. ಅದು ಬಂದ ದಿನ ಎಲ್ಡನ್ ಅದನ್ನು ಮಗುವಿನಂತೆ ಅಂಗೈಯಲ್ಲಿಟ್ಟು ತೂಗಿ, ಆಮೇಲೆ ತಕ್ಕಡಿಯಲ್ಲೂ ತೂಗಿ, ಎರಡೂ ತಾಳೆಯಾದಾಗ ನಕ್ಕ. ಭುಜಕ್ಕೊರಗುವ ಹಿಡಿಗೆ ಕಾರ್ಬನ್ ನಾರಿನ ಟೊಳ್ಳು ಚಿಪ್ಪು ಆರಿಸಿದ. ತಟ್ಟಿದರೆ ಖಾಲಿ ಸೋರೆಬುರುಡೆಯ ಸದ್ದು. ತೋಟಾಗಳ ಪೆಟ್ಟಿಗೆಗೆ ತಳದ ಬಾಗಿಲು ಬೇಡ, ಮುಚ್ಚಿಬಿಡು ಅಂದ. ಬೋಲ್ಟಿನ ಹಿಡಿಗುಂಡಿಯನ್ನು ಒಳಗಿಂದ ಕೊರೆಸಿ ಟೊಳ್ಳು ಮಾಡಿಸಿದ. ತೂಗುಪಟ್ಟಿಯ ಕೊಂಡಿಗಳನ್ನೂ ಬಿಚ್ಚಿಸಿದ. ಪಟ್ಟಿಯಿಲ್ಲದೆ ಹೇಗೋ ಹೊರುತ್ತೀಯ ಅಂದರೆ ಸಿಟ್ಟಿಗೆ ಪಟ್ಟಿ ಬೇಡ ಅಂದ.

ನಿಜವಾದ ಜಗಳ ನಡೆದದ್ದು ನಳಿಗೆಯ ವಿಷಯಕ್ಕೆ. ಕಾರ್ಬನ್ ಸುತ್ತಿದ ನಳಿಗೆ ಹಾಕೋಣ, ತೂಕವೂ ಕಡಿಮೆ, ಮುಂಭಾಗದಲ್ಲಿ ಸ್ವಲ್ಪ ಭಾರ ಉಳಿದು ಕೈಯಲ್ಲಿ ನಿಲ್ಲುತ್ತದೆ ಅಂತ ನಾನು. ಅದಕ್ಕಿಂತ ತೆಳ್ಳಗಿನ, ಪೆನ್ಸಿಲಿನಂಥ ಉಕ್ಕಿನ ನಳಿಗೆಯೇ ಬೇಕು, ಅದನ್ನೂ ಮೋಟು ಮಾಡಬೇಕು ಅಂತ ಅವನು. ಕೋವಿಯ ಮೇಲೆ ಕೂರಿಸುವ ದುರ್ಬೀನಿನ ವಿಷಯದಲ್ಲೂ ಹಾಗೇ. ದೊಡ್ಡ ಗಾಜಿನದು ಚೆನ್ನಾಗಿ ತೋರಿಸುತ್ತದೆ ಅಂದರೆ, ಮಾರ್ವೋಲ್ಡ್‌ನ ಮುಖ ನೋಡುವಷ್ಟು ಕಂಡರೆ ಸಾಕು ಅಂದ. ನಾನು ರೇಗಿದೆ.

"ನೋಡೋ, ಕೋವಿಗೆ ತೂಕ ಇರೋದು ನಿನ್ನನ್ನ ಸತಾಯಿಸೋಕಲ್ಲ. ಏದುಸಿರು ಬಿಡ್ತಾ ಗುರಿ ಹಿಡಿದಾಗ ಭಾರ ಇದ್ದರೆ ಅದು ನಿಲ್ಲುತ್ತೆ. ಇದು ನಿನ್ನ ಎದೆ ಬಡಿದ ಹಾಗೆಲ್ಲ ಕುಣಿಯುತ್ತೆ."

"ಕುಣೀಲಿ. ಮೊದಲು ಮೇಲೆ ತಲುಪಬೇಕಲ್ಲ."

ಅಂತೂ ಕೋವಿ ಮುಗಿಯಿತು. ದುರ್ಬೀನು ಸೇರಿ ಐದು ಪೌಂಡಿಗೂ ಒಳಗೆ. ಅಂಗಡಿಯ ಹಿಂದಿನ ದಿಬ್ಬಕ್ಕೆ ಹೊಡೆದು ನೋಡಿದ. ಮೊದಲ ಗುಂಡಿಗೇ ಕೋವಿ ಹೇಸರಗತ್ತೆಯ ಹಾಗೆ ಒದ್ದು ದುರ್ಬೀನಿನ ಅಂಚಿನಿಂದ ಅವನ ಹುಬ್ಬು ಸೀಳಿತು. ರಕ್ತ ಒರೆಸಿಕೊಂಡು "ಚೆನ್ನಾಗಿದೆ" ಅಂದ. ಆಮೇಲೆ ಬೆನ್ನುಚೀಲಕ್ಕೆ ಕಲ್ಲು ತುಂಬಿಕೊಂಡು ದಿನಾ ಗುಡ್ಡ ಹತ್ತತೊಡಗಿದ. ಇತ್ತ ವರ್ನ್‌ನ ಜೊತೆ ಇಸ್ಪೀಟಾಟವನ್ನೂ ಬಿಡಲಿಲ್ಲ. ವರ್ನ್‌ನ ಮಂಡಿಗೆ ಆಪರೇಷನ್ ಆದಾಗ ಅವನ ಮನೆಯ ಮುಂದಿನ ಹಿಮ ಬಾಚಿದವನು ಎಲ್ಡನ್. ಬೇಗ ಗುಣವಾಗಲಿ ಅಂತ ಜಿಂಕೆಮಾಂಸದ ಸಾರು ಮಾಡಿಕೊಂಡು ಹೋದ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ. ಮಂಡಿ ಗುಣವಾಗದಿದ್ದರೆ ವರ್ನ್ ಬೆಟ್ಟಕ್ಕೆ ಬರುವುದಿಲ್ಲವಲ್ಲ, ಆ ಆತಂಕ ಅವನಿಗೆ.

ಏಳು ವರ್ಷ ತುಂಬಿದ ಸೆಪ್ಟೆಂಬರಿನಲ್ಲಿ ಅವನೇ ವರ್ನ್‌ನ ಬಾಗಿಲಿಗೆ ಹೋಗಿ, ಈ ಸಲವೂ ಜೊತೆಯಾಗಿ ಹೋಗೋಣ ಅಂತ ಕರೆದ. ವರ್ನ್‌ಗೆ ಖುಷಿಯೋ ಖುಷಿ. ಬೆಟ್ಟದ ಮೇಲೆ ನಡೆದದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಕಥೆ ಒಂದೇ, ಬೈಗುಳ ಮಾತ್ರ ಬೇರೆ ಬೇರೆ.

ಐದನೆಯ ಸಂಜೆ ವರ್ನ್ ಟಗರು ಕಂಡ. ಕೊಂಬು ಪೂರ್ತಿ ಸುತ್ತಿಕೊಂಡದ್ದು, ಬಾರಿನ ಗೋಡೆಯ ಮೇಲಿದ್ದುದಕ್ಕಿಂತ ದೊಡ್ಡದು. "ನಾಳೆ ಬೆಳಿಗ್ಗೆ ಹೋಗೋಣ ಕಣೋ," ಅಂತ ಎಲ್ಡನ್‌ನ ಬೆನ್ನು ತಟ್ಟಿದನಂತೆ, ಸರಿಯಾಗಿ ಆ ಹಳೇ ಬರೆ ಇದ್ದ ಜಾಗದ ಮೇಲೆ. ಎಲ್ಡನ್ ನಕ್ಕು ಓಟ್ಸ್ ಗಂಜಿ ಕುದಿಸಿ ಅವನಿಗೂ ಬಡಿಸಿದ.

ಬೆಳಗಾಗುತ್ತಲೇ ಇಬ್ಬರೂ ಹೊರಟರು. ಮೊದಲ ಏರಿನಲ್ಲೇ ವರ್ನ್‌ನ ಮಂಡಿ ಮಾತಾಡತೊಡಗಿತು. ಸ್ವಲ್ಪ ನಿಲ್ಲೋ ಅಂದ. ಎಲ್ಡನ್ ನಿಲ್ಲಲಿಲ್ಲ. ಹಗುರ ಕೋವಿಯನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಂಡೆ ಹಿಡಿಯುತ್ತ ಮೇಕೆಯಂತೆ ಏರಿದ. ಮೇಲೆ ತಲುಪಿ ಹೊಟ್ಟೆಯ ಮೇಲೆ ಮಲಗಿದಾಗ ಟಗರು ಕಣಿವೆಯಾಚೆ ಎದ್ದು ಮೈಮುರಿಯುತ್ತಿತ್ತು. ಕೆಳಗೆ ವರ್ನ್ ಒಂದು ಬಂಡೆಗೆ ಒರಗಿ ಇವನನ್ನೇ ನೋಡುತ್ತಿದ್ದ. ಏಳು ವರ್ಷ ಬೇಡಿಕೊಂಡದ್ದು ಹಾಗೇ ಎದುರಿಗೆ ಬಂದು ನಿಂತಿತ್ತು.

ಗುರಿ ಹಿಡಿದ. ಕೋವಿ ಕುಣಿಯಿತು. ಉಸಿರು ಬಿಗಿಹಿಡಿದ, ಇನ್ನೂ ಕುಣಿಯಿತು. ದುರ್ಬೀನಿನೊಳಗೆ ಟಗರು, ಬಂಡೆ, ಆಕಾಶ ಎಲ್ಲ ಕಲಸಿಹೋಯಿತು. ನನ್ನನ್ನು ಬೈದುಕೊಂಡನಂತೆ, ನಾನು ಹೇಳಿದ್ದು ನಿಜವಾಯಿತಲ್ಲ ಅಂತ. ಆಮೇಲೆ ಬೆನ್ನುಚೀಲ ಬಿಚ್ಚಿ, ಕೈಗೆ ಸಿಕ್ಕ ಕಲ್ಲುಗಳನ್ನೆಲ್ಲ ಅದರೊಳಗೆ ತುಂಬಿದ. ಕೋವಿಯ ಮುಂಭಾಗವನ್ನು ಬಂಡೆಯ ಅಂಚಿಗೆ ಒರಗಿಸಿ, ಚೀಲದ ಪಟ್ಟಿಯನ್ನು ಅದಕ್ಕೆ ಅಡ್ಡ ಹಾಕಿ ಭಾರ ಇಳಿಬಿಟ್ಟ. ಔನ್ಸ್ ಔನ್ಸ್ ಲೆಕ್ಕದಲ್ಲಿ ಕೆರೆದು ತೆಗೆದ ತೂಕವನ್ನೆಲ್ಲ ಬೆಟ್ಟದ ಕಲ್ಲಿನಲ್ಲಿ ವಾಪಸ್ ಕೊಟ್ಟ. ಆಗ ಕೋವಿ ನಿಂತಿತು. ಒಂದೇ ಗುಂಡು. ಟಗರು ಮಂಡಿಯೂರಿ ಕುಸಿಯಿತು.

ವರ್ನ್ ಕುಂಟುತ್ತ ಬಂದು ತಲುಪುವಷ್ಟರಲ್ಲಿ ಎಲ್ಡನ್ ಕಣಿವೆ ದಾಟಿ ಟಗರಿನ ಪಕ್ಕ ಬಾಟಲಿಯ ನೀರು ಕುಡಿಯುತ್ತ ಕೂತಿದ್ದ. ಬೇಕೆಂದೇ ಹಾಗೆ ಕೂತಿದ್ದ. ಹೇಳಬೇಕಾದ ಮಾತನ್ನು ಏಳು ವರ್ಷ ಬಾಯಿಪಾಠ ಮಾಡಿದ್ದನಲ್ಲ, "ಕ್ರಿಸ್‌ಮಸ್‌ಗೆ ಬರ್ತೀಯ ಅಂದ್ಕೊಂಡಿದ್ದೆ," ಅಂತ ಹೇಳಿಯೂಬಿಟ್ಟ. ವರ್ನ್‌ನ ಮುಖ ಬಾಡುವುದನ್ನು ನೋಡಲು ಕಾದ.

ವರ್ನ್ ಬಿದ್ದೂ ಬಿದ್ದೂ ನಕ್ಕ. ಎಂಥಾ ಗುಂಡು ಹೊಡೆದೆಯೋ ಅಂತ ಕೈ ಹಿಡಿದು ಕುಲುಕಿದ. ಕೊಂಬನ್ನು ಸವರಿ ಸವರಿ ನೋಡಿದ. ತಲೆಯನ್ನು ಹೊರಲು ಎಲ್ಡನ್ ಹೇಳುವ ಮೊದಲೇ ತಾನೇ ಬೆನ್ನಿಗೆ ಕಟ್ಟಿಕೊಂಡ. ಆ ಕೆಟ್ಟ ಮಂಡಿಯಲ್ಲಿ ಬೀಳುತ್ತ ಏಳುತ್ತ, ದಾರಿಯುದ್ದಕ್ಕೂ ಹಳೇ ಹಾಡು ಗುನುಗುತ್ತ ಇಳಿದ. ಹಿಂದೆ ಮಾಂಸ ಹೊತ್ತು ಬರುತ್ತಿದ್ದ ಎಲ್ಡನ್‌ಗೆ ಮೈಯೆಲ್ಲ ಕೆಂಡ. ಸೇಡು ತೀರಿಸಿಕೊಂಡವನು ಇವನು, ಮದುವೆ ದಿಬ್ಬಣದ ಹಾಗೆ ನಡೆಯುತ್ತಿರುವವನು ಅವನು.

ಕೆಳಗೆ ಟ್ರಕ್ಕಿನ ಹತ್ತಿರ ಬಂದಾಗ ತಡೆಯಲಾಗದೆ ಒದರಿಬಿಟ್ಟ. "ಅದು ನೀನು ಕಂಡ ಟಗರು ಕಣೋ, ನಾನು ಕದ್ದೆ. ನೀನು ನನ್ನದನ್ನ ಕದ್ದ ಹಾಗೇ ಕದ್ದೆ. ಏಳು ವರ್ಷದಿಂದ ನಿನ್ನ ಮುಖ ಕಂಡ್ರೆ ನನಗಾಗಲ್ಲ. ನಿನ್ನ ಸಾರಿಗೆ ಉಪ್ಪು ಹಾಕುವಾಗ್ಲೂ ಆಗ್ತಿರ್ಲಿಲ್ಲ."

ವರ್ನ್ ಬೆನ್ನಿನ ಹೊರೆಯನ್ನು ನಿಧಾನವಾಗಿ ಇಳಿಸಿದ. ಬಗ್ಗಿ ಮಂಡಿ ನೀವಿಕೊಂಡ. ಕೊನೆಗೆ, "ಆವತ್ತು ತಲೆಯನ್ನ ನಿನ್ನ ಬೆನ್ನಿಗೆ ಯಾಕೆ ಕಟ್ಟಿದೆ ಅಂದ್ಕೊಂಡೆ? ಕಂಡವನು ನೀನು. ಕೊಂಬು ನಿನ್ನ ಬೆನ್ನ ಮೇಲೆ ಊರೊಳಗೆ ಬರಲಿ ಅಂತ," ಅಂದ.

ಅದು ನಿಜವೋ, ಅಲ್ಲೇ ಕಟ್ಟಿದ ಕಥೆಯೋ ದೇವರಿಗೇ ಗೊತ್ತು. ಮರ್ಯಾದೆ ಅಷ್ಟಿದ್ದವನು ಫಲಕದ ಮೇಲೆ ತನ್ನೊಬ್ಬನ ಹೆಸರು ಯಾಕೆ ಕೆತ್ತಿಸಿದ ಅಂತ ನಾನಾಗಿದ್ದರೆ ಕೇಳುತ್ತಿದ್ದೆ. ಎಲ್ಡನ್ ಕೇಳಲಿಲ್ಲ. ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಊರಿಗೆ ಬಂದರು.

ಮರುವಾರ ವರ್ನ್ ನನ್ನ ಅಂಗಡಿಗೆ ಬಂದ. ಬಾರಿನ ಗೋಡೆಯ ಟಗರಿನ ತಲೆ ಅವನ ತೋಳಲ್ಲಿತ್ತು, ಫಲಕ ಕಿತ್ತಿದ್ದ ಜಾಗದಲ್ಲಿ ಎರಡು ತೂತು. "ಎಲ್ಡನ್ ಬಂದ್ರೆ ಕೊಡು," ಅಂದು ಅದನ್ನು ತಕ್ಕಡಿಯ ಪಕ್ಕದಲ್ಲಿಟ್ಟು ಹೋದ. ಅವನು ಕುಂಟುವುದು ಹೆಚ್ಚಾಗಿತ್ತು.

ಎಲ್ಡನ್ ಸಂಜೆ ಬಂದ. ತಲೆಯನ್ನು ನೋಡಿದ. ಅದರ ಗಾಜಿನ ಕಣ್ಣೂ ಅವನನ್ನು ನೋಡಿತು. ಮುಟ್ಟಲು ಹೋಗಿ ಕೈ ಹಿಂದೆ ತೆಗೆದ.

"ತೂಗು," ಅಂದ.

ಎತ್ತಿ ತಕ್ಕಡಿಯ ಮೇಲಿಟ್ಟೆ. ಮುಳ್ಳು ಒಮ್ಮೆ ಓಲಾಡಿ ಇಪ್ಪತ್ತನಾಲ್ಕರ ಹತ್ತಿರ ನಿಂತಿತು. ಅವನು ಬಗ್ಗಿ ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ಇಷ್ಟೇನಾ?"

"ಮಾಂಸ, ಮಿದುಳು, ದವಡೆ ಎಲ್ಲ ತೆಗೆದಿರ್ತಾರೆ ಕಣೋ. ಚರ್ಮದೊಳಗೆ ಇರೋದು ಬರೀ ಫೋಮು. ನೀನು ಹೊತ್ತಿದ್ದು ಹಸೀದು."

ಅವನು ಕೇಳಿಸಿಕೊಳ್ಳಲಿಲ್ಲ. ಬೆರಳಿನಿಂದ ಮುಳ್ಳಿನ ಗಾಜನ್ನು ತಟ್ಟಿದ, ಒಮ್ಮೆ, ಇನ್ನೊಮ್ಮೆ. ಮುಳ್ಳು ಅಲುಗಲಿಲ್ಲ. ಟೋಪಿ ಎತ್ತಿ ತಲೆಗೆ ಹಾಕಿಕೊಂಡ. ಟಗರನ್ನು ಅಲ್ಲೇ ಬಿಟ್ಟು ಬಾಗಿಲವರೆಗೆ ಹೋಗಿ ತಿರುಗಿದ.

"ನಿನ್ನ ತಕ್ಕಡಿ ಕೆಟ್ಟಿದೆ ಕಣೇ ಮೇವಿಸ್," ಅಂದ. "ಸುಳ್ಳು ಹೇಳ್ತಾ ಇದೆ."