ಮಧ್ಯದ ಮೂರನೇ ಜಾಗ

ಕುಶನ್ ಮೇಸ್ತ್ರಿಯ ಅಂಗಡಿಯಲ್ಲಿ ಹೊಸ ಸೋಫಾದ ಮೇಲೆ ಮೊದಲು ಕೂರುತ್ತಿದ್ದವರು ಅದನ್ನು ಮಾಡಿಸಿದವರಲ್ಲ, ಫುಟ್‌ಬಾಲ್ ಹುಚ್ಚಿನವರು. ಬಟ್ಟೆ ಹೊದಿಸಿ, ಇನ್ನೇನು ಗಿರಾಕಿಯ ಮನೆಗೆ ಕಳಿಸಬೇಕು ಎಂದು ಗೋಡೆಗೆ ಒತ್ತರಿಸಿಟ್ಟ ಸೋಫಾದಲ್ಲಿ ಬಸ್ ಡ್ರೈವರ್ ತನ್ನ ಭಾರವನ್ನೆಲ್ಲ ಇಳಿಬಿಟ್ಟು ಕೂರುತ್ತಿದ್ದ. ಎದುರಿಗೆ, ಸೀಟು ಕಿತ್ತುಹಾಕಿದ ಕುರ್ಚಿಯ ಚೌಕಟ್ಟಿನ ಅಂಚಿನಲ್ಲಿ, ಔಷಧಿ ಅಂಗಡಿಯವನು ಕಾಗೆ ಕೂತಂತೆ ಕೂತಿರುತ್ತಿದ್ದ. ಏಳಿ ಎಂದು ಮೇಸ್ತ್ರಿ ಯಾರಿಗೂ ಹೇಳಿದವನಲ್ಲ. ಡ್ರೈವರನ ಭಾರ ತಡೆದ ಸ್ಪ್ರಿಂಗು ಇನ್ನು ಯಾರ ಭಾರವನ್ನಾದರೂ ತಡೆದೀತು ಎಂದು ನಗುತ್ತಿದ್ದ.

ಊರಿನ ಕ್ಲಬ್ಬಿನ ಹೊಸ ಸೀಸನ್ ಶುರುವಾಗುವ ಮುಂಚಿನ ವಾರಗಳಲ್ಲಿ ಆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗೋಲ್‌ಕೀಪರ್ ಯಾರಾಗಬೇಕು, ಮುಂದೆ ಯಾರು ಆಡಬೇಕು ಎನ್ನುವುದು ಒಂದು ಲೋಟ ಟೀ ಮುಗಿಯುವುದರೊಳಗೆ ಇತ್ಯರ್ಥವಾಗುತ್ತಿತ್ತು. ಹಗ್ಗಜಗ್ಗಾಟವೆಲ್ಲ ಮೈದಾನದ ಮಧ್ಯದ್ದು, ಮಿಡ್‌ಫೀಲ್ಡಿನದು. ಚೆಂಡು ಇಟ್ಟುಕೊಂಡು ಆಟ ಕಟ್ಟುವವರು ಬೇಕೆಂದು ಒಬ್ಬ, ಅಡ್ಡ ಬಂದು ಚೆಂಡು ಕಿತ್ತುಕೊಳ್ಳುವವರು ಬೇಕೆಂದು ಇನ್ನೊಬ್ಬ. ಫೋಮಿನ ಚೂರುಗಳನ್ನು ನೆಲದ ಮೇಲೆ ಜೋಡಿಸಿ, ಇವನು ಇಲ್ಲಿ, ಅವನು ಅಲ್ಲಿ ಎಂದು ತೋರಿಸುತ್ತ, ಕೊನೆಗೆ ಯಾವ ಚೂರು ಯಾವ ಆಟಗಾರ ಎಂಬುದೇ ಮರೆತುಹೋಗಿ ಮತ್ತೆ ಮೊದಲಿನಿಂದ ಜಗಳ. ಬಾಯಲ್ಲಿ ಸಣ್ಣ ಮೊಳೆಗಳನ್ನು ಇಟ್ಟುಕೊಂಡು ಕೆಲಸ ಮಾಡುವ ಮೇಸ್ತ್ರಿ ಸುಮ್ಮನೆ ಕೇಳುತ್ತಿದ್ದ. ಎಲ್ಲರೂ ದಣಿದ ಮೇಲೆ ಮೊಳೆಗಳನ್ನು ಅಂಗೈಗೆ ಉಗಿದುಕೊಂಡು ತನ್ನ ಮಾತು ಹೇಳುತ್ತಿದ್ದ. ಅದು ಯಾವಾಗಲೂ ಸರಿಯಾಗಿರುತ್ತಿತ್ತು ಎಂದಲ್ಲ. ಎಷ್ಟೋ ಸಲ ತಲೆಕೆಳಗಾದದ್ದೂ ಉಂಟು. ಆದರೆ ಅವನು ಮುಖ ನೋಡಿ ಮಣೆ ಹಾಕುವವನಲ್ಲ ಎಂಬ ನಂಬಿಕೆ ಎಲ್ಲರಿಗೂ ಇತ್ತು.

ಆ ನಂಬಿಕೆ ಹುಟ್ಟಿದ್ದು ಅವನ ಮಗನಿಂದಲೇ. ಒಬ್ಬನೇ ಮಗ, ಅದೇ ಕ್ಲಬ್ಬಿನ ಮಿಡ್‌ಫೀಲ್ಡ್ ಆಟಗಾರ. ಎದುರಾಳಿಗಳ ಕಾಲ ಸಂದಿಯಲ್ಲಿ ಚೆಂಡು ಪೋಣಿಸುತ್ತಾನೆಂದೋ, ಕುಶನ್ ಹೊಲಿಯುವವನ ಮಗನೆಂದೋ ಊರವರು ಅವನನ್ನು ಸೂಜಿ ಎಂದು ಕರೆಯುತ್ತಿದ್ದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಮೊದಲ ಸಲ ತಂಡದ ಬಾಗಿಲು ತಟ್ಟಿದಾಗ ಅಂಗಡಿಯಲ್ಲಿ ಸೇರುತ್ತಿದ್ದವರೆಲ್ಲ ಅವನ ಪರ. ಮೇಸ್ತ್ರಿ ಒಬ್ಬನೇ, ಇವನಿಗೆ ಇನ್ನೊಂದು ವರ್ಷ ಬೇಕು, ಈಗಲೇ ಬೇಡ ಎಂದಿದ್ದ. ಸುದ್ದಿ ಮನೆಗೆ ಬಂದಾಗ ಮಗ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ನಕ್ಕಿದ್ದ. "ನಮ್ಮಪ್ಪನ ಓಟು ಬೇಕಂದ್ರೆ ನಾನು ಬೇರೆ ಮನೇಲಿ ಹುಟ್ಟಬೇಕಿತ್ತು" ಎಂದು ಅಮ್ಮನಿಗೆ ಹೇಳಿದ್ದ. ಮುಂದಿನ ವರ್ಷ ಓಟೂ ಸಿಕ್ಕಿತು, ಜಾಗವೂ ಸಿಕ್ಕಿತು. ತಾನು ಏನಂದರೂ ಮಗ ಹಾಗೇ ನಕ್ಕುಬಿಡುತ್ತಾನೆಂದು ಆ ನಗುವನ್ನು ಮೇಸ್ತ್ರಿ ತುಂಬ ನೆಚ್ಚಿಕೊಂಡುಬಿಟ್ಟಿದ್ದ.

ವರ್ಷಗಳು ಕಳೆದವು. ಒಂದು ಸೀಸನ್ನಿನ ಕೊನೆಯ ಪಂದ್ಯದಲ್ಲಿ ಸೂಜಿಯ ಎಡ ಮಂಡಿ ತಿರುಚಿಕೊಂಡಿತು. ರಜೆಯೆಲ್ಲ ಆರೈಕೆಯಲ್ಲೇ ಹೋಯಿತು. ಕೊನೆಗೆ ಕ್ಲಬ್ಬಿನ ಡಾಕ್ಟರು ಮಂಡಿಯನ್ನು ಮಡಿಸಿ ಬಿಡಿಸಿ ನೋಡಿ, ಆಡಬಹುದು ಎಂದರು. ಮೊದಲಿಗಿಂತ ಗಟ್ಟಿಯಾಗಿದೆ ಎಂದು ಸೂಜಿಯೂ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಆದರೆ ಮನೆಯಲ್ಲಿ, ಮೇಲಿನ ಕೋಣೆಯಿಂದ ಇಳಿಯುವಾಗ, ಅವನು ಕಂಬಿ ಹಿಡಿದು ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ, ಆಗಷ್ಟೇ ನಡೆಯಲು ಕಲಿತ ಮಗುವಿನ ಹಾಗೆ ಇಳಿಯುತ್ತಿದ್ದ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಶಿಳ್ಳೆ ಹಾಕುತ್ತ ದಡದಡನೆ ಇಳಿದುಬಿಡುತ್ತಿದ್ದ. ಬಿಸಿನೀರಿನ ಚೀಲ ತುಂಬಿಸಿಕೊಳ್ಳುವಾಗ ಅಮ್ಮ ಕೇಳಿದರೆ, ಸೊಂಟಕ್ಕೆ ಎನ್ನುತ್ತಿದ್ದ.

ಮೇಸ್ತ್ರಿ ಎಲ್ಲವನ್ನೂ ನೋಡಿದ. ಕೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದ. ಕ್ಲಬ್ಬಿನ ಜೊತೆ ಮಗನ ಕರಾರಿಗೆ ಅದೇ ಕೊನೆಯ ವರ್ಷ. ಈ ಸಲ ಬೆಂಚಿನ ಮೇಲೆ ಕೂತರೆ ಮುಂದೆ ಕರೆಯುವವರಿಲ್ಲ ಎನ್ನುವುದು ಅಪ್ಪನಿಗೂ ಗೊತ್ತು, ಮಗನಿಗೂ ಗೊತ್ತು. ಹಾಗಾಗಿ ತೆರೆದ ಬಾಯಿಂದ ಊಟ ಆಯ್ತಾ, ಪ್ರಾಕ್ಟೀಸ್ ಹೇಗಿತ್ತು ಎಂಬಂಥ ಮಾತೇ ಹೊರಬೀಳುತ್ತಿತ್ತು.

ಆ ವರ್ಷ ಮಿಡ್‌ಫೀಲ್ಡಿನ ಮೂರು ಜಾಗಗಳಲ್ಲಿ ಎರಡರ ಬಗ್ಗೆ ಚರ್ಚೆಯೇ ಇರಲಿಲ್ಲ. ಮೂರನೆಯದಕ್ಕೆ ಒಂದು ಕಡೆ ಸೂಜಿ, ಇನ್ನೊಂದು ಕಡೆ ಬೇರೆ ಊರಿಂದ ಹೊಸದಾಗಿ ಬಂದ ಎತ್ತರದ ಹುಡುಗ. ಬಂದ ವಾರಕ್ಕೇ ಅವನಿಗೆ ಉದ್ದಣ್ಣ ಎಂದು ಹೆಸರು ಬಿದ್ದಿತ್ತು. ಉದ್ದಣ್ಣನಿದ್ದರೆ ಮೈದಾನದ ಅರ್ಧ ಭಾಗ ಅವನೊಬ್ಬನೇ ಕಾಯುತ್ತಾನೆ ಎಂದು ಔಷಧಿ ಅಂಗಡಿಯವನ ವಾದ. ಕಾಯುತ್ತಾನೆ ಸರಿ, ಚೆಂಡು ಸಿಕ್ಕ ಮೇಲೆ ಲೈಟುಕಂಬದ ಹಾಗೆ ನಿಂತುಬಿಡುತ್ತಾನಲ್ಲ ಎಂದು ಡ್ರೈವರ್. ಮಾತಿಗೆ ಮಾತು ಬೆಳೆಯಿತು. ಡ್ರೈವರ್ ಸೋಫಾದಿಂದ ಇಳಿದು ನೆಲದ ಮೇಲೇ ಕೂತು, ಫೋಮಿನ ಒಂದು ಚೂರನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತ, ಸೂಜಿಯನ್ನು ಹೀಗೆ ಓಡಿಸಬೇಕು, ಚೆಂಡು ಕಿತ್ತುಕೊಳ್ಳಲೂ ಅವನೇ, ಕೊಂಡೊಯ್ಯಲೂ ಅವನೇ, ಪಂದ್ಯ ಮುಗಿಯುವ ತನಕ ಹೊರಗೆ ಕರೆಯಲೇಬಾರದು ಎಂದ. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು ಆ ಚೂರನ್ನೇ ನೋಡುತ್ತಿದ್ದ. ಒರಟು ನೆಲಕ್ಕೆ ಉಜ್ಜಿ ಅದರ ಅಂಚು ಪುಡಿಪುಡಿಯಾಗಿ ಉದುರುತ್ತಿತ್ತು.

"ನೀನೇನಂತೀಯ ಮೇಸ್ತ್ರಿ?"

ಮೇಸ್ತ್ರಿ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡ. "ಉದ್ದಣ್ಣನ್ನೇ ಹಾಕ್ಲಿ."

ಡ್ರೈವರ್ ನಕ್ಕ. ಈ ಮನುಷ್ಯ ಮಗನಿಗೆ ಸುಲಭಕ್ಕೆ ಯಾವತ್ತು ತಾನೇ ಓಟು ಹಾಕಿದ್ದಾನೆ ಎಂದ. ಮೇಸ್ತ್ರಿ ನಗಲಿಲ್ಲ.

"ಅವನ ಕಾಲು ಇನ್ನೂ ಸರಿಹೋಗಿಲ್ಲ. ಮನೇಲಿ ಮೆಟ್ಟಿಲು ಇಳಿಯೋಕೇ ಆಗ್ತಿಲ್ಲ ಅವನಿಗೆ."

ಹೇಳಿದ ಮೇಲೆ ಮೇಸ್ತ್ರಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತಂತೆ. ಆಮೇಲೆ ಹೆಂಡತಿಯ ಹತ್ತಿರ ಅವನೇ ಹಾಗಂದದ್ದು.

ಡ್ರೈವರನಲ್ಲಿ ಕೆಡುಕಿರಲಿಲ್ಲ. ಸಂಜೆ ಬಸ್ಸು ನಿಲ್ಲಿಸಿ, ಫೋನಿನಲ್ಲಿದ್ದ ಅಭಿಮಾನಿಗಳ ಗುಂಪಿಗೆ, ನಮ್ಮ ಸೂಜಿಗೆ ಮೆಟ್ಟಿಲು ಇಳಿಯಲೂ ಆಗದಷ್ಟು ನೋವಿದೆಯಂತೆ, ಅವರಪ್ಪನೇ ಹೇಳಿದರು, ಪಾಪ, ಎಲ್ಲರೂ ಧೈರ್ಯ ಹೇಳಿ ಎಂದು ಬರೆದು ಹಾಕಿದ. ಆ ಗುಂಪಿನಲ್ಲಿ ಕ್ಲಬ್ಬಿನ ಆಫೀಸಿನವರೂ ಇದ್ದರು. ಮಾರನೆಯ ಬೆಳಿಗ್ಗೆ ಕೋಚ್ ಸೂಜಿಯನ್ನು ಮೈದಾನಕ್ಕಿಳಿಸದೆ ಗ್ಯಾಲರಿಯ ಮೇಲಿನ ಸಾಲಿಗೆ ಹತ್ತಿಸಿದರು. ಅಲ್ಲಿಂದ ಓಡುತ್ತ ಇಳಿದು ಬಾ ಎಂದರು. ತಂಡದವರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ಅವನು ಅರ್ಧ ದಾರಿಯಲ್ಲಿ ಕಂಬಿ ಹಿಡಿದುಕೊಂಡ.

ಮಧ್ಯಾಹ್ನ ಮಗ ಅಂಗಡಿಯ ಹೊಸ್ತಿಲಿಗೆ ಬಂದು ನಿಂತಾಗ ಮೇಸ್ತ್ರಿ ಒಬ್ಬನೇ ಇದ್ದ. ಮಗ ಬೈಯಲಿಲ್ಲ.

"ನಂಗೇ ಹೇಳಬಹುದಿತ್ತಲ್ಲಪ್ಪಾ. ಮೇಲಿನ ರೂಮಲ್ಲೇ ಇದ್ದೆ."

"ಬಾಯಿ ಬರಲಿಲ್ಲ ಕಣೋ."

"ಅವರ ಮುಂದೆ ಬಂತಲ್ಲ."

ಮೇಸ್ತ್ರಿ ಬಗ್ಗಿ ನೆಲದ ಮೇಲಿನ ಫೋಮಿನ ಚೂರುಗಳನ್ನು ಆಯತೊಡಗಿದ. ಮಗ ಇನ್ನೂ ಒಂದು ಗಳಿಗೆ ಕಾದು, ಬಿಸಿಲಿಗಿಳಿದು ಹೋದ.

ಮೂರನೇ ಜಾಗ ಉದ್ದಣ್ಣನ ಪಾಲಾಯಿತು. ವಾರ ತುಂಬುವುದರೊಳಗೆ ಸೂಜಿ ಕರಾರು ಬಿಡಿಸಿಕೊಂಡು, ಕೆಳಗಿನ ದರ್ಜೆಯಲ್ಲಿ ಆಡುವ ಬೇರೆ ಊರಿನ ಸಣ್ಣ ಕ್ಲಬ್ಬೊಂದನ್ನು ಹಿಡಿದ. ಅಲ್ಲಿಯವರಿಗೆ ಹೆಸರಿದ್ದ ಆಟಗಾರ ಸಿಕ್ಕಿದ್ದೇ ಹೆಚ್ಚು. ಮಂಡಿಯ ವಿಷಯ ಕೆದಕಲಿಲ್ಲ. ಅಮ್ಮ ಅಳುತ್ತ ಬಟ್ಟೆ ಮಡಿಸಿಕೊಟ್ಟಳು. ಹೋಗಬೇಡ, ಈ ಕಾಲಲ್ಲಿ ಆಡಬೇಡ ಎಂದು ಕೈ ಹಿಡಿದು ನಿಲ್ಲಿಸಬೇಕೆಂದು ಮೇಸ್ತ್ರಿಗೆ ಅನ್ನಿಸಿತು. ಆದರೆ ಕಾಲಿನ ಬಗ್ಗೆ ಇನ್ನು ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಚೀಲವನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋಗಿ ಬಂದ.

ಸೀಸನ್ ಅರ್ಧಕ್ಕೂ ಬಂದಿರಲಿಲ್ಲ. ಯಾರೂ ಡಿಕ್ಕಿ ಹೊಡೆಯಲಿಲ್ಲ, ಯಾರೂ ಕಾಲು ಅಡ್ಡ ಕೊಡಲಿಲ್ಲ. ಬರುತ್ತಿದ್ದ ಚೆಂಡಿಗೆ ಮೈ ತಿರುಗಿಸಿದ ಸೂಜಿ ಹಾಗೇ ಕುಸಿದನಂತೆ. ಗಂಡ ಹೆಂಡತಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಆಪರೇಷನ್ ಮುಗಿದಿತ್ತು. ನಡೆಯಲು ತೊಂದರೆಯಿಲ್ಲ, ಆಟ ಮಾತ್ರ ಮರೆತುಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡ ಮಗ, ಬಾಗಿಲ ಹತ್ತಿರವೇ ನಿಂತಿದ್ದ ಅಪ್ಪನ ಕಡೆ ತಿರುಗಿದ.

"ನೀವ್ಯಾಕೆ ಅಂಗಡಿ ಮುಚ್ಚಿಕೊಂಡು ಬರೋಕೆ ಹೋದ್ರಿ" ಎಂದ.

ಹುಟ್ಟಿದಂದಿನಿಂದ ನೀನು, ಬಾ, ಹೋಗು ಎಂದೇ ಕರೆದ ಮಗ. ಆ ಬಹುವಚನ ಮೇಸ್ತ್ರಿಯ ಕರುಳಿಗೆ ಚುಚ್ಚಿತು. ಬೈದಿದ್ದರೆ ಮೈಗೆ ಹತ್ತಿಸಿಕೊಳ್ಳದೆ ಕೊಡವಿಕೊಳ್ಳಬಹುದಿತ್ತು. ಮರ್ಯಾದೆಯನ್ನು ಏನು ಮಾಡುವುದು?

ಅತ್ತ ಊರಿನ ಕ್ಲಬ್ಬು ಗೆಲ್ಲುತ್ತಲೇ ಹೋಯಿತು. ಉದ್ದಣ್ಣ ಮನೆಮಾತಾದ. ಅವತ್ತು ನೀನು ಹೇಳಿದ್ದೇ ಸರಿ ಎಂದು ಔಷಧಿ ಅಂಗಡಿಯವನು ಸಮಾಧಾನಕ್ಕೆಂದು ಹೇಳಿದಾಗ, ಮೇಸ್ತ್ರಿ ತಲೆಯೆತ್ತದೆ, ಇವತ್ತು ಕೆಲಸ ಜಾಸ್ತಿ ಇದೆ, ನಾಳೆ ಬನ್ನಿ ಎಂದ. ಡ್ರೈವರ್ ಒಮ್ಮೆ ಬಂದು ಕಣ್ಣೀರು ಹಾಕಿದ. ನಿನ್ನದೇನು ತಪ್ಪು, ಹೇಳಿದವನು ನಾನು ಎಂದು ಮೇಸ್ತ್ರಿಯೇ ಅವನಿಗೆ ಟೀ ತರಿಸಿ ಕುಡಿಸಿ ಕಳಿಸಿದ. ಕ್ರಮೇಣ ಸಭೆ ತಾನಾಗಿ ಔಷಧಿ ಅಂಗಡಿಯ ಜಗಲಿಗೆ ಜಾರಿತು. ಮೇಸ್ತ್ರಿ ಮನೆಗೆ ಹೋಗಲು ಹಿಂದಿನ ಗಲ್ಲಿ ಹಿಡಿಯತೊಡಗಿದ.

ಮಗ ಮನೆಗೆ ಮರಳಿದ. ಟೈಲ್ಸ್ ಗೋದಾಮೊಂದರ ಗೇಟಿನಲ್ಲಿ ಲಾರಿಗಳ ಒಳಹೊರಗು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೆಲ್ಲಗೆ ಕುಂಟುತ್ತಿದ್ದ. ಮನೆಯಲ್ಲಿ ಜಗಳವಿರಲಿಲ್ಲ. ಊಟಕ್ಕೆ ಬನ್ನಿ, ನೀರು ಬೇಕಾ, ಬಾಗಿಲು ಹಾಕಿದ್ದೀರಾ. ಎಲ್ಲ ಮಾತೂ ಇತ್ತು, ಫುಟ್‌ಬಾಲ್ ಒಂದನ್ನು ಬಿಟ್ಟು. ಎರಡು ಸೀಸನ್ ಹಾಗೇ ಕಳೆದವು.

ಆಮೇಲೆ ಉದ್ದಣ್ಣನನ್ನು ಯಾವುದೋ ದೊಡ್ಡ ಕ್ಲಬ್ಬು ಕರೆದುಕೊಂಡಿತು. ಮೂರನೇ ಜಾಗ ಮತ್ತೆ ಖಾಲಿಯಾಯಿತು, ಊರಲ್ಲಿ ಮತ್ತೆ ಚರ್ಚೆ ಎದ್ದಿತು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡುತ್ತಿದ್ದ ಮಗ, ತಟ್ಟೆಯಿಂದ ಕಣ್ಣೆತ್ತದೆ ಕೇಳಿದ.

"ಈ ಸಲ ಮಧ್ಯದಲ್ಲಿ ಯಾರನ್ನ ಹಾಕಬೇಕು ಅಂತೀರಿ?"

ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದು ನಿಂತುಬಿಟ್ಟಳು. ಮೇಸ್ತ್ರಿಯ ಹತ್ತಿರ ಉತ್ತರವಿತ್ತು. ಯಾರಿಗೂ ಹೇಳದೆ ಪ್ರಾಕ್ಟೀಸ್ ಮೈದಾನದ ಬೇಲಿಯಾಚೆ ನಿಂತು ಇಬ್ಬರು ಹುಡುಗರನ್ನು ಅವನು ಅಳೆದು ತೂಗಿ ನೋಡಿದ್ದ. ಯಾರು ಬೇಕು, ಯಾಕೆ ಬೇಕು ಎಲ್ಲ ನಾಲಿಗೆಯ ತುದಿಯಲ್ಲಿತ್ತು.

"ನಂಗೇನು ಗೊತ್ತಾಗುತ್ತೆ ಬಿಡು" ಎಂದ. "ಕೋಚ್ ನೋಡ್ಕೊಳ್ತಾರೆ."

ಮಗನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಇನ್ನೇನಾದರೂ ಬರುತ್ತದೋ ಎಂದು ಕಾದ ಹಾಗಿತ್ತು. ಆಮೇಲೆ, ಹೌದು, ಅವರು ನೋಡ್ಕೊಳ್ತಾರೆ ಎಂದು ಎದ್ದು ಕೈ ತೊಳೆದು ತನ್ನ ಕೋಣೆಗೆ ಹೋದ.

"ಅವನಾಗಿ ಅವನೇ ಕೇಳಿದ್ನಲ್ರೀ" ಎಂದಳು ಹೆಂಡತಿ, ದನಿ ತಗ್ಗಿಸಿ. "ಒಂದು ಮಾತು ಹೇಳಬಾರದಿತ್ತಾ?"

ಮೇಸ್ತ್ರಿ ಎದ್ದು ಮೆಟ್ಟಿಲು ಹತ್ತಿ ಮಗನ ಕೋಣೆಯ ಬಾಗಿಲವರೆಗೆ ಹೋದ. ಒಳಗೆ ಫೋನಿನಲ್ಲಿ ಯಾವುದೋ ಪಂದ್ಯದ ಕಾಮೆಂಟರಿ ಸಣ್ಣಗೆ ಕೇಳುತ್ತಿತ್ತು. ಬಾಗಿಲು ಅರ್ಧ ತೆರೆದೇ ಇತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ವಾಪಸ್ಸು ಬಂದು, ಬಟ್ಟೆ ತೆಗೆದುಕೊಂಡು ಊಟದ ಮೇಜು ಒರೆಸತೊಡಗಿದ.