ಶೆಟ್ಟರ ಭುಜ ಮತ್ತು ಒಂದೇ ತೋಟಾದ ಕೋವಿ

ಮೊನ್ನೆ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲು ಹೋಗಿದ್ದೆ. ತೋಳು ಮೇಲೇರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಹಲ್ಲು ಕಚ್ಚಿಕೊಂಡು, ಆಯಿತೇ ಎಂದು ಕೇಳಿದೆ. ನರ್ಸು ನಗುತ್ತ, ಇನ್ನೂ ಸೂಜಿಯ ಮುಚ್ಚಳವನ್ನೇ ತೆಗೆದಿಲ್ಲ ಎಂದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತಿದ್ದಂತೆ ನನಗೆ ನೆನಪಾದದ್ದು ಜಗನ್ನಾಥ ಶೆಟ್ಟರ ಬಲಭುಜ, ಅದರ ಮೇಲಿದ್ದ ನೇರಳೆಹಣ್ಣಿನ ಬಣ್ಣದ ಬಾವು.

ಎಂಬತ್ತರ ದಶಕದ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಫಾಸ್ಟರ್ ಸಿಟಿಯಲ್ಲಿ ಶೆಟ್ಟರ ಮನೆ, ಪಕ್ಕದಲ್ಲೇ ನನ್ನ ಅಪಾರ್ಟ್‌ಮೆಂಟು. ಅವರು ಕಾರ್ಕಳದ ಕಡೆಯವರು. ನಾನು ಧಾರವಾಡದವನು, ಅದರಲ್ಲೂ ಬೆಳ್ಳುಳ್ಳಿಯನ್ನು ಕಂಡರೂ ಅನುಮಾನ ಪಡುವ ಮನೆತನದವನು. ನಮ್ಮಿಬ್ಬರನ್ನು ಜೋಡಿಸಿದ್ದು ಕನ್ನಡ ಮತ್ತು ಕಾರ್‌ಪೂಲು. ಒಂದು ಶನಿವಾರ ಅವರು ಉದ್ದನೆಯ ಪೆಟ್ಟಿಗೆಯೊಂದನ್ನು ತಂದು ಸೋಫಾದ ಮೇಲಿಟ್ಟು ತೆರೆದರು. ಒಳಗಿದ್ದದ್ದು ಕಾಡುಹಂದಿ ಬೇಟೆಯ ಕೋವಿ. ನಳಿಕೆಯ ಬಾಯಿ ನನ್ನ ಕಿರುಬೆರಳಿನಷ್ಟು ದಪ್ಪ, ಸಲಕ್ಕೆ ಒಂದೇ ತೋಟಾ. ತಪ್ಪಿದರೆ ಇನ್ನೊಂದು ತುಂಬುವವರೆಗೆ ಹಂದಿ ಕಾಯಬೇಕು.

ಊರಿನಲ್ಲಿ ಹಂದಿ ಬೇಟೆಗೆ ಹೊರಟಾಗಲೆಲ್ಲ ಕೋವಿ ಅವರ ಮಾವನ ಕೈಯಲ್ಲಿರುತ್ತಿತ್ತಂತೆ. ಡಬ್ಬ ಬಡಿದು, ಕೂಗಿ, ಪೊದೆಯಿಂದ ಹಂದಿ ಎಬ್ಬಿಸುವುದು ಇವರ ಪಾಲಿನ ಕೆಲಸ. "ಕೂಗಿ ಕೂಗಿ ಗಂಟಲು ಹರಿದದ್ದೇ ಬಂತು ಮಾರಾಯ್ರೆ. ಒಂದು ಸಲ ಮುಟ್ಟಲಿಕ್ಕೂ ಬಿಡಲಿಲ್ಲ" ಎಂದರು. ನಗುತ್ತಲೇ ಹೇಳಿದರೂ ಆಸೆ ಎಷ್ಟು ಹಳೆಯದೆಂದು ತಿಳಿದು ನನಗೆ ಅಯ್ಯೋ ಅನಿಸಿತು.

ಲಿವರ್‌ಮೋರಿನ ದ್ರಾಕ್ಷಿತೋಟಗಳ ಹಿಂದಿನ ಗುಡ್ಡದಲ್ಲಿ ಕಾಡುಹಂದಿಗಳಿದ್ದವು. ಗುಡ್ಡದ ಒಡೆಯ ಒಬ್ಬ ಮುದುಕ. ಅರೆಗಾಯವಾದ ಹಂದಿ ನರಳುತ್ತ ಅಲೆಯುವುದನ್ನು ಅವನು ಒಮ್ಮೆ ನೋಡಿದ್ದನಂತೆ. ಹಾಗಾಗಿ ಬೇಟೆಗೆ ಬರುವವರು ಮೊದಲು ಅವನ ಕಣ್ಣೆದುರು ಸರಪಳಿಯಿಂದ ತೂಗುಹಾಕಿದ ಕಬ್ಬಿಣದ ತಟ್ಟೆಯೊಂದಕ್ಕೆ ಹೊಡೆದು ತೋರಿಸಬೇಕು. ಗುರಿ ತಪ್ಪಿದರೆ ಆ ಗುಡ್ಡದ ಆಸೆ ಬಿಡಬೇಕು.

ತೋಟಾ ಕೊಳ್ಳಲು ಸಲಹೆಗಾರನಾಗಿ ನಾನೂ ಹೋದೆ. ಅಂಗಡಿಯವನು ಎರಡು ಬಗೆ ಮುಂದಿಟ್ಟ. ಒಂದರಲ್ಲಿ ಹಗುರ ಗುಂಡು, ಸೌಮ್ಯ ಮದ್ದು. ಹಂದಿಗೆ ಅದು ಧಾರಾಳವಾಯಿತು ಎಂದ. ಇನ್ನೊಂದು ದೊಡ್ಡ ಕರಡಿಗೆಂದು ಮಾಡಿದ್ದು. ನಾವು ಎರಡನ್ನೂ ಅಂಗೈಯಲ್ಲಿಟ್ಟು ತೂಗಿ ನೋಡಿದೆವು. ಹಿತ್ತಾಳೆ ಕೊಡವನ್ನು ಎತ್ತಿ ನೋಡಿ ಕೊಳ್ಳುವ ಜನ ನಾವು. ಭಾರವಿದ್ದದ್ದೇ ಒಳ್ಳೆಯ ಮಾಲು. ಕರಡಿಯದೇ ಇರಲಿ ಎಂದು ತೀರ್ಪು ಕೊಟ್ಟವನು ಹುರುಳಿಕಾಯಿಗಿಂತ ದೊಡ್ಡ ಪ್ರಾಣಿಯನ್ನು ಕತ್ತರಿಸಿ ಗೊತ್ತಿಲ್ಲದ ನಾನು. ಕೋವಿಯನ್ನು ಮಾತ್ರ ಶೆಟ್ಟರು ಗುಡ್ಡ ಹತ್ತಲು ಸುಲಭವೆಂದು ಹಗುರದ್ದೇ ಆರಿಸಿದ್ದರು. ಹಗುರ ಕೋವಿಗೆ ಭಾರದ ತೋಟಾ: ಭುಜ ಮುರಿಯಲು ಇದಕ್ಕಿಂತ ಒಳ್ಳೆಯ ಜಾತಕ ಕೂಡಿಬರುವುದಿಲ್ಲ.

ಗುರಿ ಅಭ್ಯಾಸದ ಮೈದಾನದಲ್ಲಿ ಮೊದಲ ಗುಂಡಿಗೇ ಕೋವಿ ಹಿಂದಕ್ಕೆ ಒದ್ದ ರಭಸಕ್ಕೆ ಶೆಟ್ಟರು ಸ್ಟೂಲಿನ ಸಮೇತ ಹಿಂದೆ ಸರಿದರು. ಮುಂದಿನದಕ್ಕೆ ಹೆದರಿ ಕೋವಿಯ ಬುಡವನ್ನು ಭುಜದಿಂದ ತುಸು ದೂರ ಹಿಡಿದರು. ಆ ನಡುವಿನ ಜಾಗದಲ್ಲಿ ಬುಡ ಓಡಿಬಂದು ಭುಜಕ್ಕೆ ಗುದ್ದಿತು. ಗುರಿಯ ಹಾಳೆಗೆ ಗೀರೂ ಆಗಲಿಲ್ಲ. ಮರುದಿನ ಲಿವರ್‌ಮೋರಿನ ದೇವಸ್ಥಾನದಲ್ಲಿ ಶೆಟ್ಟರು ದೇವರಿಗೆ ಎಡಗೈಯೊಂದರಲ್ಲೇ ನಮಸ್ಕಾರ ಮಾಡಿದರು. ಅವರ ಹೆಂಡತಿ ಸುಮತಿ ಅದನ್ನು ಗಮನಿಸಿದರು. ಮನೆಗೆ ಬಂದು ಅಂಗಿ ಬಿಚ್ಚಿಸಿದರು.

ಸುಮತಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿದ್ದರು. ಒಂದೊಂದನ್ನೇ ಬದಲಿಸಿ ಏನಾಗುತ್ತದೆಂದು ನೋಡುವುದು ಅವರ ಕಸುಬು. ಬಾವು ಇಳಿದ ಮೇಲೆ ಮೊದಲು ಹಗುರ ತೋಟಾ ತರಿಸಿದರು. ಆಮೇಲೆ ಕೋವಿಯ ಬುಡಕ್ಕೆ ರಬ್ಬರಿನ ಮೆತ್ತೆ ಹಾಕಿಸಿದರು. ಭುಜದ ಕುಳಿಗೆ ಒತ್ತಿ ಹಿಡಿದು, ಮೈಯನ್ನು ಮುಂದಕ್ಕೆ ಬಾಗಿಸಿ ನಿಲ್ಲಲು ಹೇಳಿದರು. ಒದೆತವೇನೋ ಅರ್ಧಕ್ಕರ್ಧ ಇಳಿಯಿತು. ಗುಂಡು ಮಾತ್ರ ಇನ್ನೂ ಮಣ್ಣಿಗೇ ಹೋಗುತ್ತಿತ್ತು.

ಆಗ ಅವರು, ಇನ್ನು ಮೇಲೆ ತುಂಬಿಕೊಡುವವಳು ನಾನು, ನೀವು ಆಚೆ ನೋಡಿ ಎಂದರು. ಶೆಟ್ಟರಿಗೆ ಕಾಣದಂತೆ, ಆಗಲೇ ಹಾರಿಸಿದ್ದ ತೋಟಾದ ಖಾಲಿ ಹಿತ್ತಾಳೆ ಕೊಳವೆಯೊಂದನ್ನು ಒಳಗಿಟ್ಟರು. ಶೆಟ್ಟರು ಉಸಿರು ಹಿಡಿದು ಬೆರಳಿನಿಂದ ಕೋವಿಯ ಕುದುರೆ ಎಳೆದರು. ಟಕ್ ಎಂದಿತು, ಅಷ್ಟೇ. ಆದರೆ ನಳಿಕೆ ಗಕ್ಕನೆ ನೆಲ ನೋಡಿತ್ತು, ಶೆಟ್ಟರ ಕಣ್ಣು ಮುಚ್ಚಿತ್ತು, ಭುಜ ಕಿವಿಯವರೆಗೆ ಏರಿತ್ತು.

"ಒಳಗೆ ಎಂತದೂ ಇರಲಿಲ್ಲ. ಹೆದರಿದ್ದು ಯಾವುದಕ್ಕೆ?" ಎಂದರು ಸುಮತಿ.

ಶೆಟ್ಟರು ಕೋವಿ ತೆರೆದು ಖಾಲಿ ಕೊಳವೆಯನ್ನು ಹೊರತೆಗೆದು ನೋಡಿದರು. ಆಮೇಲೆ ನಗು ಬಂತು, ನಿಲ್ಲಲೇ ಇಲ್ಲ. ಅಂದಿನಿಂದ ಪ್ರತಿ ವಾರ ಇದೇ ಆಟ. ಖಾಲಿಯೋ ಮದ್ದಿನದೋ ಗೊತ್ತಿಲ್ಲದ ಮೇಲೆ ಪ್ರತಿ ಸಲವೂ ಹೆದರುವುದು ಯಾರಿಗಾದರೂ ಬೇಜಾರೇ. ನಳಿಕೆ ನಿಧಾನವಾಗಿ ಅಲುಗಾಡುವುದನ್ನು ಬಿಟ್ಟಿತು.

ಮುದುಕನ ಪರೀಕ್ಷೆಯ ದಿನವೂ ತುಂಬಿದವರು ಸುಮತಿಯೇ. ಮೊದಲು ಟಕ್ ಎಂದಿತು. ನಳಿಕೆ ಕದಲಲಿಲ್ಲ, ಮುದುಕ ಹುಬ್ಬೇರಿಸಿದ. ಸುಮತಿ ಇನ್ನೊಂದು ತುಂಬಿದರು. ಗುಡ್ಡವೆಲ್ಲ ಗುಡುಗಿತು, ಹಿಂದೆಯೇ ತಟ್ಟೆ ಟಣ್ ಎಂದಿತು. ಮುದುಕ ಶೆಟ್ಟರ ಕೈ ಕುಲುಕಿದ. ಆ ಚಳಿಗಾಲ ಒಂದು ಹಂದಿ ನಿಂತಲ್ಲೇ ಬಿತ್ತು. ಸುಮತಿ ಅದರ ಮಾಂಸಕ್ಕೆ ತೆಂಗಿನ ತುರಿ ಹಾಕಿ ಸುಕ್ಕ ಮಾಡಿದರು, ನನಗೆ ಬೇರೆ ಬಾಣಲೆಯಲ್ಲಿ ಆಲೂಗಡ್ಡೆ ಪಲ್ಯ.

ತಟ್ಟೆ ಉಯ್ಯಾಲೆಯಂತೆ ತೂಗಿದ್ದನ್ನು ನಾನು ಎಷ್ಟೋ ಊಟದ ಮನೆಗಳಲ್ಲಿ ಕೈ ಬೀಸಿ ವರ್ಣಿಸಿದ್ದೇನೆ. ಮೊನ್ನೆ ಸಂಜೆ, ತೋಳು ಇನ್ನೂ ನೋಯುತ್ತಿರುವಾಗ, ಫೋನು ಮಾಡಿ ಸುಮತಿಯವರಿಗೂ ಅದನ್ನೇ ವರ್ಣಿಸತೊಡಗಿದೆ. ಅವರು ನಡುವೆ ತಡೆದು, ತೂಗಿತ್ತಾ ಎಂದು ಕೇಳಿದರು. ಆ ತೋಟಾ ಮದ್ದಿನದೆಂದು ತಮಗೆ ಗೊತ್ತಿತ್ತಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರಂತೆ. ಖಾಲಿಯಾದ ಮೇಲೆ ಮದ್ದಿನದೇ ಬರಬೇಕೆಂದು ಲೆಕ್ಕ ಹಾಕಿ ನಾನೂ ಮುಚ್ಚಿಕೊಂಡಿದ್ದೆ. ಅದನ್ನು ಹೇಳಿದೆ. ಅವರು ನಗುತ್ತ ಅದನ್ನು ಶೆಟ್ಟರಿಗೂ ಹೇಳಿ ಫೋನನ್ನು ಅವರ ಕೈಗೆ ಕೊಟ್ಟರು.

"ಹೌದಾ, ನಮ್ಮ ಮೂವರಲ್ಲಿ ನೋಡಿದ್ದು ನಾನೊಬ್ಬನೇನಾ?" ಎಂದರು ಶೆಟ್ಟರು. ಆಮೇಲೆ, "ತೂಗಲಿಲ್ಲ ಮಾರಾಯ್ರೆ. ಸರಪಳಿ ಕಡಿದು ಕೆಳಗೆ ಬಿತ್ತು" ಎಂದರು.